ಕೀಲಿಕೈ ಕೊಡದೆ ಕೆಲಸ ಒಪ್ಪಿಸುವ ಬಗೆ

ಶಿರಾ ತಾಲ್ಲೂಕಿನ ಮದಲೂರು ಎಂದೊಡನೆ ಈ ಸೀಮೆಯವರ ಮನಸ್ಸಿಗೆ ಬರುವುದು ಅಲ್ಲಿಯ ಕೆರೆ. ಮಳೆ ಕಡಮೆಯಾದ ಈ ನಾಡಿನಲ್ಲಿ ಕೆರೆ ತುಂಬುವುದೆಂದರೆ ಹಬ್ಬ. ಹೇಮಾವತಿಯ ನೀರನ್ನು ಈ ಕೆರೆಗೆ ಹರಿಸುವ ಮಾತು 2020ರ ಶಿರಾ ಉಪಚುನಾವಣೆಯ ಕಾಲದಲ್ಲಿ ರಾಜ್ಯದ ಉದ್ದಗಲಕ್ಕೂ ಕೇಳಿಸಿದುದನ್ನು ವಾಚಕರು ಮರೆತಿರಲಾರರು. ಆದರೆ ನಾವು ಇಂದು ಹೇಳಹೊರಟಿರುವುದು ಕೆರೆಯ ನೀರಿನ ವಿಷಯವಲ್ಲ, ಇ-ಮೇಲ್ ಪೆಟ್ಟಿಗೆಯ ವಿಷಯ. ಕೆರೆಯ ಮಾತನ್ನು ಮೊದಲೇ ಎತ್ತಿದುದಕ್ಕೆ ಕಾರಣವುಂಟು. ನೀರನ್ನು ಹಂಚುವಲ್ಲಿ ನಮ್ಮ ಹಿರಿಯರು ಕಂಡುಕೊಂಡಿದ್ದ ಒಂದು ವಿವೇಕವೇ ಇಂದು ಗಣಕಯಂತ್ರಗಳ ಲೋಕದಲ್ಲಿ ಬೇರೊಂದು ಹೆಸರಿನಿಂದ ಬಳಕೆಗೆ ಬಂದಿದೆ. ಅದನ್ನು ನಾವು ತಪ್ಪುಮಾಡಿ ಕಲಿತೆವು. ಆ ತಪ್ಪಿನಿಂದಲೇ ಆರಂಭಿಸುವುದು ಉಚಿತ.

ನಾವು ಈ ಸೀಮೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಕಲಿಸುತ್ತಿರುವೆವು. ಪಾಠದ ಜೊತೆಗೆ ಪ್ರಯೋಗಪರೀಕ್ಷೆಗಳ ವೇಳಾಪಟ್ಟಿಯನ್ನು ನೋಡಿಕೊಳ್ಳುವ ಹೊಣೆಯೂ ನಮ್ಮ ಪಾಲಿಗೆ ಬಂದಿದೆ. ಯಾವ ತಂಡಕ್ಕೆ ಯಾವ ದಿನ, ಹೊರಗಿನಿಂದ ಬರುವ ಪರೀಕ್ಷಕರು ಯಾರು, ಗೊತ್ತುಮಾಡಿದ ದಿನವೇನಾದರೂ ಬದಲಾಯಿತೇ ಎಂಬ ಸಂಗತಿಗಳೆಲ್ಲ ಇ-ಮೇಲ್ ಮೂಲಕ ಬರುತ್ತವೆ. ದಿನಕ್ಕೆ ಮೂವತ್ತು ನಲವತ್ತು ಪತ್ರಗಳ ನಡುವೆ ಅಂಥದೊಂದು ಪತ್ರ ಒಮ್ಮೆ ನಮ್ಮ ಕಣ್ತಪ್ಪಿತು. ಎರಡನೆಯ ತಂಡದ ಪರೀಕ್ಷೆಯನ್ನು ಎರಡು ದಿನ ಮುಂದೂಡಿದ್ದರು. ನಾವು ಅದನ್ನು ವಿದ್ಯಾರ್ಥಿಗಳಿಗೆ ತಿಳಿಸಲಿಲ್ಲ. ಹನ್ನೊಂದು ಮಂದಿ ಹಳೆಯ ದಿನಕ್ಕೇ ಬಂದು, ಬೀಗ ಹಾಕಿದ್ದ ಪ್ರಯೋಗಶಾಲೆಯ ಮುಂದೆ ನಿಂತರು. "ಮೊದಲನೇ ಬಸ್ಸಿಗೇ ಹೊರಟು ಬಂದ್ವಿ ಸಾರ್" ಎಂದು ಪಾವಗಡದ ಕಡೆಯ ಹುಡುಗನೊಬ್ಬನು ಹೇಳಿದನು. ಆತನು ಆ ದಿನದ ಕೂಲಿಯನ್ನು ಬಿಟ್ಟು ಬಂದಿದ್ದನೆಂಬುದು ನಮಗೆ ಆಮೇಲೆ ತಿಳಿಯಿತು.

ಮನುಷ್ಯನ ಕಣ್ಣು ದಣಿಯುತ್ತದೆ, ಯಂತ್ರಕ್ಕೆ ದಣಿವಿಲ್ಲ. ಪರೀಕ್ಷೆಯ ಪತ್ರ ಬಂದೊಡನೆ ಅದರಲ್ಲಿರುವ ದಿನಾಂಕವು ತಾನಾಗಿಯೇ ಕ್ಯಾಲೆಂಡರಿನಲ್ಲಿ ದಾಖಲಾಗುವಂತೆ ಏರ್ಪಡಿಸಬಾರದೇಕೆ ಎಂದು ಯೋಚಿಸಿದೆವು. ಯೋಚನೆಯೇನೋ ಸರಿಯಾಗಿತ್ತು. ಅದನ್ನು ನಡೆಸಿದ ರೀತಿ ಸರಿಯಾಗಿರಲಿಲ್ಲ.

ಸ್ವಯಂಚಾಲನ ವೇದಿಕೆ ಎಂದರೇನು?

ಇ-ಮೇಲ್ ಒಂದು ಸೇವೆ, ಕ್ಯಾಲೆಂಡರು ಇನ್ನೊಂದು ಸೇವೆ. ಇಂಥ ಬೇರೆ ಬೇರೆ ಸೇವೆಗಳ ನಡುವೆ ನಿಂತು, "ಇದು ನಡೆದರೆ ಅದನ್ನು ಮಾಡು" ಎಂಬ ಅಪ್ಪಣೆಯನ್ನು ಹಗಲಿರುಳೂ ಪಾಲಿಸುವ ಮೂರನೆಯ ಸೇವೆಯನ್ನು ಸ್ವಯಂಚಾಲನ ವೇದಿಕೆ ಎಂದು ಕರೆಯಬಹುದು. ಐಎಫ್‌ಟಿಟಿಟಿ, ಝೇಪಿಯರ್, ಮೈಕ್ರೋಸಾಫ್ಟ್ ಸಂಸ್ಥೆಯ ಪವರ್ ಆಟೋಮೇಟ್, ಚೆನ್ನೈಯ ಜೋಹೋ ಸಂಸ್ಥೆಯ ಜೋಹೋ ಫ್ಲೋ, ಬರ್ಲಿನ್ನಿನಲ್ಲಿ ಹುಟ್ಟಿ ನಮ್ಮದೇ ಗಣಕದಲ್ಲಿಯೂ ನಡೆಸಬಹುದಾದ ಎನ್8ಎನ್ - ಇವೆಲ್ಲ ಈ ಜಾತಿಗೆ ಸೇರಿದವು. ಪತ್ರ ಬರುವುದು ಕಾರಣ, ಕ್ಯಾಲೆಂಡರಿನಲ್ಲಿ ಬರೆಯುವುದು ಕಾರ್ಯ. ಕಾರ್ಯಕಾರಣಗಳನ್ನು ಹೀಗೆ ಗಂಟುಹಾಕಿಕೊಡುವುದೇ ವೇದಿಕೆಯ ಕೆಲಸ.

ಆದರೆ ನಮ್ಮ ಪತ್ರವನ್ನು ಓದಬೇಕಾದರೆ ವೇದಿಕೆಯು ನಮ್ಮ ಪೆಟ್ಟಿಗೆಯೊಳಕ್ಕೆ ಬರಬೇಕಷ್ಟೆ. ಅದನ್ನು ಒಳಕ್ಕೆ ಬಿಡುವ ಬಗೆ ಯಾವುದು? ಪ್ರಶ್ನೆಯ ತಿರುಳೆಲ್ಲ ಇಲ್ಲಿರುವುದು. ನಾವು ಮಾಡಿದುದು ಎಲ್ಲಕ್ಕಿಂತ ಸುಲಭವಾದ ಕೆಲಸ. ಹಳೆಯ ಬಗೆಯ ತಂತ್ರಾಂಶಗಳಿಗಾಗಿ ಗೂಗಲ್ ಕೊಡುವ 16 ಅಕ್ಷರಗಳ ವಿಶೇಷ ಪಾಸ್‌ವರ್ಡೊಂದನ್ನು ಪಡೆದು, ಅದನ್ನು ಒಂದು ವೇದಿಕೆಯ ಚೌಕದೊಳಗೆ ಬರೆದುಬಿಟ್ಟೆವು. ಎರಡು ನಿಮಿಷದ ಕೆಲಸ. ಮಾರನೆಯ ದಿನದಿಂದಲೇ ಪರೀಕ್ಷೆಯ ದಿನಾಂಕಗಳು ಕ್ಯಾಲೆಂಡರಿನಲ್ಲಿ ಸಾಲಾಗಿ ಮೂಡತೊಡಗಿದವು. ನಾಲ್ಕು ತಿಂಗಳು ನಮಗೆ ಬಹಳ ಸಂತೋಷವಾಗಿತ್ತು.

ಅನಂತರ ಒಂದು ಸಂಜೆ, ಯಾವುದೋ ದಿನಾಂಕ ತಪ್ಪಾಗಿ ದಾಖಲಾಗಿದೆಯೆಂದು ಕಾರಣವನ್ನು ಹುಡುಕುತ್ತ ಆ ವೇದಿಕೆಯ ಕಾರ್ಯದಾಖಲೆಗಳನ್ನು ತೆರೆದೆವು. ವೇದಿಕೆಯು ತಾನು ಪ್ರತಿ ಸಲ ಮಾಡಿದ ಕೆಲಸವನ್ನೂ, ಆಗ ತನ್ನ ಕೈಗೆ ಬಂದ ಸಾಮಗ್ರಿಯನ್ನೂ ಅಲ್ಲಿ ಇರಿಸಿಕೊಳ್ಳುತ್ತಿತ್ತು. ಪರೀಕ್ಷೆಯ ಪತ್ರವನ್ನು ಗುರುತಿಸುವುದಕ್ಕಾಗಿ ಅದು ಬಂದ ಪತ್ರವನ್ನೆಲ್ಲ ಓದಬೇಕಾಗಿತ್ತು, ಓದಿದುದನ್ನೆಲ್ಲ ಬರೆದಿಟ್ಟಿತ್ತು. ಆ ರಾಶಿಯ ನಡುವೆ ನಮ್ಮ ವಿದ್ಯಾರ್ಥಿನಿಯೊಬ್ಬಳ ಪತ್ರವಿತ್ತು. ಮನೆಯ ಕಷ್ಟವೊಂದನ್ನು ತಿಳಿಸಿ, ದಾಖಲೆಪುಸ್ತಕ ಒಪ್ಪಿಸಲು ಕಾಲಾವಕಾಶ ಬೇಡಿ, ಇದನ್ನು ಬೇರೆ ಯಾರಿಗೂ ಹೇಳಬೇಡಿರೆಂದು ಆಕೆ ಕೊನೆಯಲ್ಲಿ ಕೇಳಿಕೊಂಡಿದ್ದಳು. ನಾವು ಯಾರಿಗೂ ಹೇಳಿರಲಿಲ್ಲ. ಆದರೆ ಆ ಪತ್ರದ ಅಕ್ಷರ ಅಕ್ಷರವೂ ನಾವು ಹೆಸರು ಮಾತ್ರ ಬಲ್ಲ ಒಂದು ಸಂಸ್ಥೆಯ ಗಣಕದಲ್ಲಿ ಕುಳಿತಿತ್ತು.

ಪಾಸ್‌ವರ್ಡಿನ ದೋಷ

ಇಲ್ಲಿ ಯಾರೂ ಕಳ್ಳತನ ಮಾಡಲಿಲ್ಲ. ನಾವೇ ಕೊಟ್ಟೆವು. ಕೊಟ್ಟ ವಸ್ತುವೇ ಆ ಕೆಲಸಕ್ಕೆ ತಕ್ಕುದಾಗಿರಲಿಲ್ಲ, ಅಷ್ಟೆ.

ಪಾಸ್‌ವರ್ಡೆಂಬುದು ಮನೆಯ ಹೆಬ್ಬಾಗಿಲಿನ ಕೀಲಿಕೈಯಿದ್ದಂತೆ. ಅದಕ್ಕೆ ಅಳತೆಯಿಲ್ಲ. ಒಂದು ಪತ್ರವನ್ನು ಓದುವುದಕ್ಕೆಂದು ಕೊಟ್ಟರೂ ಅದು ಎಲ್ಲ ಪತ್ರಗಳನ್ನು ಓದಬಲ್ಲದು, ಅಳಿಸಬಲ್ಲದು, ನಮ್ಮ ಹೆಸರಿನಲ್ಲಿ ಹೊಸ ಪತ್ರಗಳನ್ನು ಕಳುಹಿಸಬಲ್ಲದು. ಅದಕ್ಕೆ ಅವಧಿಯಿಲ್ಲ. ನಾವು ಬದಲಾಯಿಸುವವರೆಗೆ ಅದು ನಡೆಯುತ್ತಲೇ ಇರುತ್ತದೆ. ಅದಕ್ಕೆ ಮುಖವೂ ಇಲ್ಲ. ಕೀಲಿಕೈ ಹಿಡಿದು ಬಂದವನು ಒಡೆಯನೋ ಆಳೋ ಕಳ್ಳನೋ ಎಂಬುದನ್ನು ಬೀಗವು ಅರಿಯದು.

ಈ ದೋಷಗಳನ್ನು ಸೇವೆ ನಡೆಸುವವರೂ ಮನಗಂಡರು. ಬರಿಯ ಹೆಸರು ಮತ್ತು ಪಾಸ್‌ವರ್ಡುಗಳಿಂದ ಹೊರಗಿನ ತಂತ್ರಾಂಶಗಳು ಒಳಬರುವ ಪದ್ಧತಿಯನ್ನು ಗೂಗಲ್ ಸಂಸ್ಥೆಯು ಸಾಮಾನ್ಯ ಖಾತೆಗಳಲ್ಲಿ 2022ರ ಮೇ 30ರಿಂದ ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಸೇವೆಯಲ್ಲಿ ಅದೇ ವರ್ಷದ ಅಕ್ಟೋಬರಿನಿಂದ ಹಾಗೆಯೇ ನಿಲ್ಲಿಸತೊಡಗಿತು. ನಾವು ಬಳಸಿದ 16 ಅಕ್ಷರಗಳದು ಆ ಹಳೆಯ ಪದ್ಧತಿಯಲ್ಲಿ ಉಳಿದಿರುವ ಒಂದು ಕಿಂಡಿ. ಅದನ್ನು ಪ್ರತ್ಯೇಕವಾಗಿ ರದ್ದುಮಾಡಬಹುದೆಂಬ ಗುಣವೊಂದು ಅದಕ್ಕುಂಟು. ಉಳಿದಂತೆ ಅಂಚೆಪೆಟ್ಟಿಗೆಯ ಮಟ್ಟಿಗೆ ಅದೂ ಹೆಬ್ಬಾಗಿಲಿನ ಕೀಲಿಕೈಯೇ.

ನೀರುಗಂಟಿಯ ನ್ಯಾಯ

ಈಗ ಕೆರೆಗೆ ಹಿಂದಿರುಗೋಣ. ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಆಯಗಾರರ ಪೈಕಿ ನೀರುಗಂಟಿಯೂ ಒಬ್ಬನು. ಅಚ್ಚುಕಟ್ಟಿನಲ್ಲಿ ಗದ್ದೆಯಿರುವವರಿಗೆಲ್ಲ ಕೆರೆಯ ನೀರಿನ ಮೇಲೆ ಹಕ್ಕುಂಟು. ಆದರೆ ಯಾವ ರೈತನೂ ತಾನೇ ಹೋಗಿ ತೂಬನ್ನು ಎತ್ತುವಂತಿಲ್ಲ. ತೂಬು ತೆರೆಯುವವನು, ಮುಚ್ಚುವವನು ನೀರುಗಂಟಿ. ಈ ಹೊತ್ತು ಈ ಕಾಲುವೆಗೆ, ಇಷ್ಟು ಹೊತ್ತು, ಇಷ್ಟು ನೀರು ಎಂದು ಗೊತ್ತುಮಾಡಿ ಬಿಡುವನು; ಸರದಿ ಮುಗಿದೊಡನೆ ಮಡೆಯನ್ನು ಕಟ್ಟುವನು. ಗದ್ದೆಯವನಿಗೆ ಬೇಕಾದುದು ನೀರೇ ಹೊರತು ಕೆರೆಯ ಏರಿಯನ್ನು ಒಡೆಯುವ ಅಧಿಕಾರವಲ್ಲ.

ಇದೇ ನ್ಯಾಯವನ್ನು ಅಂತರ್ಜಾಲದಲ್ಲಿ ನಡೆಸುವ ಕಟ್ಟಳೆಗೆ ಓ-ಆಥ್ ಎಂದು ಹೆಸರು. ಇದರ ಮೊದಲ ರೂಪವು 2007ರಲ್ಲಿ ಸಿದ್ಧವಾಯಿತು. ಇಂದು ಎಲ್ಲೆಡೆ ನಡೆಯುತ್ತಿರುವ ಎರಡನೆಯ ರೂಪವು 2012ರ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 6749 ಎಂಬ ಸಂಖ್ಯೆಯಿಂದ ಪ್ರಕಟವಾಯಿತು. ಇದರಲ್ಲಿ ನಾಲ್ವರು ಪಾತ್ರಧಾರಿಗಳು. ಪೆಟ್ಟಿಗೆಯ ಒಡೆಯರಾದ ನಾವು ಒಬ್ಬರು. ನಮ್ಮ ಪರವಾಗಿ ಕೆಲಸ ಮಾಡಬೇಕಾದ ವೇದಿಕೆ ಎರಡನೆಯದು. ಪತ್ರಗಳೂ ಕ್ಯಾಲೆಂಡರೂ ಇರುವ ಉಗ್ರಾಣ ಮೂರನೆಯದು. ಆ ಉಗ್ರಾಣಕ್ಕೆ ಪರವಾನಗಿ ಬರೆದುಕೊಡುವ ಕಚೇರಿ ನಾಲ್ಕನೆಯದು. ಈ ಕಚೇರಿಯೇ ನಮ್ಮ ನೀರುಗಂಟಿ. ಜಿ-ಮೇಲ್ ವಿಷಯದಲ್ಲಿ ಕಚೇರಿ, ಉಗ್ರಾಣಗಳೆರಡನ್ನೂ ನಡೆಸುವುದು ಗೂಗಲ್.

ವ್ಯವಹಾರವು ನಡೆಯುವ ಕ್ರಮ ಹೀಗೆ. ವೇದಿಕೆಯಲ್ಲಿ "ಜೋಡಿಸು" ಎಂಬ ಗುಂಡಿಯನ್ನು ಒತ್ತಿದೊಡನೆ ಅದು ನಮ್ಮನ್ನು ಗೂಗಲ್‌ನ ಸ್ವಂತ ಪುಟಕ್ಕೆ ಕಳುಹಿಸುತ್ತದೆ. ನಮ್ಮ ಪಾಸ್‌ವರ್ಡನ್ನು ನಾವು ಬರೆಯುವುದು ಅಲ್ಲಿ, ವೇದಿಕೆಯ ಪುಟದಲ್ಲಿ ಅಲ್ಲ. ಆದುದರಿಂದ ಪುಟದ ಮೇಲ್ತುದಿಯಲ್ಲಿರುವ ವಿಳಾಸವು ನಿಜವಾಗಿ ಗೂಗಲ್‌ನದೇ ಎಂದು ನೋಡಿಕೊಳ್ಳುವುದು ಮೊದಲ ಕರ್ತವ್ಯ. ಬಳಿಕ ಕಚೇರಿಯು, "ಇಂಥ ವೇದಿಕೆಯು ಇಂಥಿಂಥ ಅಧಿಕಾರಗಳನ್ನು ಕೇಳುತ್ತಿದೆ, ಒಪ್ಪಿಗೆಯೇ?" ಎಂದು ಪಟ್ಟಿಯನ್ನು ತೋರಿಸುತ್ತದೆ. ಒಪ್ಪಿದರೆ ಕಚೇರಿಯು ಒಂದು ಹಂಗಾಮಿ ಸಂಕೇತವನ್ನು ಬರೆದು, ವೇದಿಕೆಯು ಮೊದಲೇ ನೋಂದಾಯಿಸಿರುವ ವಿಳಾಸಕ್ಕೆ ಮಾತ್ರ ನಮ್ಮ ಬ್ರೌಸರಿನ ಮೂಲಕ ಕಳುಹಿಸುತ್ತದೆ. ವೇದಿಕೆಯು ಆ ಸಂಕೇತವನ್ನೂ ತನ್ನ ಗುಟ್ಟಿನ ಗುರುತನ್ನೂ ನೇರವಾಗಿ ಕಚೇರಿಗೆ ಒಪ್ಪಿಸಿ, ಬದಲಿಗೆ ರಹದಾರಿಯನ್ನು ಪಡೆಯುತ್ತದೆ. ಇದನ್ನೇ ಟೋಕನ್ ಎನ್ನುವರು. ಈ ರಹದಾರಿಯನ್ನು ತೋರಿಸಿದರೆ ಉಗ್ರಾಣವು ಅದರಲ್ಲಿ ಬರೆದಷ್ಟನ್ನೇ ಕೊಡುತ್ತದೆ.

ರಹದಾರಿಯನ್ನು ನೇರವಾಗಿ ಕೊಡದೆ ನಡುವೆ ಈ ಹಂಗಾಮಿ ಸಂಕೇತವೇಕೆ ಎಂಬ ಸಂಶಯ ವಾಚಕರಿಗೆ ಬರಬಹುದು. ಬ್ರೌಸರೆಂಬುದು ಸಂತೆಬೀದಿ, ಅಲ್ಲಿ ಹೋಗುವ ವಸ್ತು ಪರರ ಕಣ್ಣಿಗೆ ಬೀಳಬಹುದು. ಸಂಕೇತವು ಒಂದೇ ಸಲ ನಡೆಯುವಂಥದು. ಅದರ ಆಯುಸ್ಸು 10 ನಿಮಿಷವನ್ನು ಮೀರಬಾರದೆಂದು ಕಟ್ಟಳೆಯು ಸಲಹೆ ಮಾಡುತ್ತದೆ. ವೇದಿಕೆಯ ಗುಟ್ಟಿನ ಗುರುತಿಲ್ಲದೆ ಅದು ಬರಿಯ ಕಾಗದದ ಚೂರು.

2015ರಲ್ಲಿ ಇದಕ್ಕೆ ಇನ್ನೊಂದು ಬಿಗಿಯನ್ನು ಸೇರಿಸಿದರು. ಇದರಲ್ಲಿರುವ ಉಪಾಯವು ಭೌತಶಾಸ್ತ್ರದವರಿಗೆ ಮೆಚ್ಚಿಗೆಯಾಗುವಂಥದು. ವೇದಿಕೆಯು ಆರಂಭದಲ್ಲಿಯೇ 43ರಿಂದ 128 ಅಕ್ಷರಗಳ ಒಂದು ಗುಟ್ಟಿನ ಮಾತನ್ನು ಮನಸ್ಸಿಗೆ ಬಂದಂತೆ ಆರಿಸಿಕೊಂಡು ತನ್ನಲ್ಲಿಯೇ ಇರಿಸಿಕೊಳ್ಳುತ್ತದೆ. ಆ ಮಾತನ್ನು ಎಸ್‌ಎಚ್‌ಎ-256 ಎಂಬ ಗಣಿತದ ಬೀಸುಕಲ್ಲಿನಲ್ಲಿ ಬೀಸಿ, ಬಂದ ಹಿಟ್ಟನ್ನು ಮಾತ್ರ ಕಚೇರಿಗೆ ಮುಂಗಡವಾಗಿ ಕಳುಹಿಸುತ್ತದೆ. ರಾಗಿಯನ್ನು ಬೀಸಿ ಹಿಟ್ಟು ಮಾಡಬಹುದು. ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯಲಾಗದು. ಈ ಕಲ್ಲಿಗೆ ಇನ್ನೊಂದು ಗುಣವುಂಟು: ಅದೇ ಮಾತನ್ನು ಎಷ್ಟು ಸಲ ಬೀಸಿದರೂ ಅದೇ ಹಿಟ್ಟು ಬರುತ್ತದೆ. ಬರಬಹುದಾದ ಹಿಟ್ಟಿನ ಬಗೆಗಳಾದರೋ 1ರ ಮುಂದೆ 77 ಸೊನ್ನೆಗಳನ್ನಿಟ್ಟರೆ ಆಗುವುದಕ್ಕಿಂತಲೂ ಹೆಚ್ಚು. ಕೊನೆಯಲ್ಲಿ ರಹದಾರಿಯನ್ನು ಕೇಳುವಾಗ ವೇದಿಕೆಯು ಗುಟ್ಟಿನ ಮಾತನ್ನೇ ಒಪ್ಪಿಸುತ್ತದೆ. ಕಚೇರಿಯು ಅದನ್ನು ತಾನೂ ಬೀಸಿ, ಎರಡು ಹಿಟ್ಟುಗಳೂ ಒಂದೇ ಆದರೆ ಮಾತ್ರ ಒಪ್ಪುತ್ತದೆ. ನಡುದಾರಿಯಲ್ಲಿ ಸಂಕೇತವನ್ನು ಕದ್ದವನ ಬಳಿ ಆ ಮಾತು ಇರಲಾರದು.

ಅಳತೆ ಮತ್ತು ಅವಧಿ

ರಹದಾರಿಗೆ ವ್ಯಾಪ್ತಿಯೆಂಬ ಅಳತೆಯುಂಟು. ಪತ್ರವನ್ನು ಓದುವುದು ಬೇರೆ, ಕಳುಹಿಸುವುದು ಬೇರೆ, ಅಳಿಸುವುದು ಬೇರೆ. ಕ್ಯಾಲೆಂಡರಿನಲ್ಲಿ ನಮಗೆ ಯಾವ ಹೊತ್ತು ಬಿಡುವುಂಟೆಂಬುದನ್ನು ಮಾತ್ರ ನೋಡುವುದು ಬೇರೆ, ಅಲ್ಲಿರುವ ಕಾರ್ಯಕ್ರಮಗಳನ್ನು ತಿದ್ದುವುದು ಬೇರೆ. ಒಪ್ಪಿಗೆಯ ಪುಟದಲ್ಲಿ ಈ ಪಟ್ಟಿಯನ್ನು ಓದದೆಯೇ ಗುಂಡಿ ಒತ್ತುವವರು ಬಹಳ ಮಂದಿ. ಸಾಲಪತ್ರವನ್ನು ಓದದೆ ಹೆಬ್ಬೆಟ್ಟು ಒತ್ತಿದುದರ ಫಲವನ್ನು ನಮ್ಮ ಹಳ್ಳಿಗಳು ಬಲ್ಲವು. ಪರೀಕ್ಷೆಯ ದಿನಾಂಕವನ್ನು ಬರೆಯಲು ಬಂದವನು ಪತ್ರ ಕಳುಹಿಸುವ ಅಧಿಕಾರವನ್ನೂ ಕೇಳಿದರೆ, "ಏಕೆ?" ಎಂದು ಕೇಳುವ ಹಕ್ಕು ನಮಗಿದೆ.

ಇಲ್ಲಿಯೇ ಒಂದು ತೊಡಕನ್ನೂ ಹೇಳಬೇಕು. ಜಿ-ಮೇಲಿನ ವ್ಯಾಪ್ತಿಗಳು ಕ್ರಿಯೆಯನ್ನು ಅಳೆಯುತ್ತವೆ, ಪತ್ರಗಳನ್ನು ವಿಂಗಡಿಸುವುದಿಲ್ಲ. "ಓದು" ಎಂದು ಅನುಮತಿಯಿತ್ತರೆ ಪೆಟ್ಟಿಗೆಯ ಪತ್ರಗಳನ್ನೆಲ್ಲ ಓದುವ ಅನುಮತಿ ಕೊಟ್ಟಂತೆಯೇ. "ಪರೀಕ್ಷಾ ವಿಭಾಗದಿಂದ ಬಂದುದನ್ನು ಮಾತ್ರ ಓದು" ಎಂಬ ರಹದಾರಿ ಅಲ್ಲಿಲ್ಲ. ಹಾಗಾದರೆ ಓ-ಆಥ್ ಬಳಸಿದ್ದರೂ ಆ ವಿದ್ಯಾರ್ಥಿನಿಯ ಪತ್ರವು ವೇದಿಕೆಯ ಕಣ್ಣಿಗೆ ಬೀಳುತ್ತಿತ್ತು. ಪಾಸ್‌ವರ್ಡನ್ನು ಬಿಟ್ಟು ರಹದಾರಿಯನ್ನು ಹಿಡಿದೊಡನೆ ಕೆಲಸ ಮುಗಿಯಿತೆಂದು ತಿಳಿದವರು ಎಡವುವುದು ಇಲ್ಲಿಯೇ.

ಇದಕ್ಕೆ ನಾವು ಕಂಡುಕೊಂಡ ಪರಿಹಾರ ಸರಳವಾದುದು. ಈ ಕೆಲಸಕ್ಕೆಂದೇ ಹೊಸದೊಂದು ಇ-ಮೇಲ್ ಖಾತೆಯನ್ನು ತೆರೆದೆವು. ನಮ್ಮ ಮುಖ್ಯ ಪೆಟ್ಟಿಗೆಯಲ್ಲಿ ಒಂದು ಜರಡಿಯನ್ನಿಟ್ಟು, ಪರೀಕ್ಷಾ ವಿಭಾಗದ ವಿಳಾಸದಿಂದ ಬಂದ ಪತ್ರಗಳು ಮಾತ್ರ ಆ ಹೊಸ ಖಾತೆಗೆ ಹೋಗುವಂತೆ ಮಾಡಿದೆವು. ಕ್ಯಾಲೆಂಡರಿನಲ್ಲಿಯೂ "ಪರೀಕ್ಷೆ" ಎಂಬ ಪ್ರತ್ಯೇಕ ಪಟ್ಟಿಯನ್ನು ತೆರೆದು, ಅದನ್ನು ತಿದ್ದುವ ಅಧಿಕಾರವನ್ನು ಹೊಸ ಖಾತೆಗೆ ಕೊಟ್ಟೆವು. ವೇದಿಕೆಯನ್ನು ಜೋಡಿಸಿದುದು ಈ ಹೊಸ ಖಾತೆಗೆ ಮಾತ್ರ, ಅದೂ ಓ-ಆಥ್ ಮೂಲಕ. ಓದುವ ವ್ಯಾಪ್ತಿ ಒಂದು, ಕಾರ್ಯಕ್ರಮಗಳನ್ನು ಬರೆಯುವ ವ್ಯಾಪ್ತಿ ಇನ್ನೊಂದು, ಮೂರನೆಯದಿಲ್ಲ. ದೊಡ್ಡ ಕೆರೆಯಿಂದ ಒಂದು ಸಣ್ಣ ಕಟ್ಟೆಗೆ ನೀರು ಬಿಟ್ಟು, ದನಕರುಗಳು ಅಲ್ಲಿ ಕುಡಿಯಲಿ ಎಂದಂತಾಯಿತು. ಅಲ್ಲಿ ಏನು ಕೆಟ್ಟರೂ ಕೆರೆಯು ಕೆಡುವುದಿಲ್ಲ.

ಇನ್ನು ಅವಧಿಯ ಮಾತು. ಗೂಗಲ್ ಕೊಡುವ ರಹದಾರಿಯು ಸುಮಾರು ಒಂದು ಗಂಟೆ ಮಾತ್ರ ನಡೆಯುತ್ತದೆ. ಹಾಗೆಂದು ಗಂಟೆಗೊಮ್ಮೆ ನಮ್ಮನ್ನು ಎಬ್ಬಿಸಿ ಒಪ್ಪಿಗೆ ಕೇಳಿದರೆ ಅದನ್ನು ಸ್ವಯಂಚಾಲನವೆಂದು ಕರೆಯುವಂತಿಲ್ಲ. ಆದುದರಿಂದ ರಹದಾರಿಯ ಜೊತೆಗೆ ವೇದಿಕೆಗೆ ಒಂದು ನವೀಕರಣ ಚೀಟಿಯನ್ನೂ ಕೊಡುವರು. ಅದನ್ನು ತೋರಿಸಿ ವೇದಿಕೆಯು ಹೊಸ ಹೊಸ ರಹದಾರಿಗಳನ್ನು ಪಡೆಯುತ್ತ ಹೋಗುತ್ತದೆ. ನಿಜವಾಗಿ ಜೋಪಾನ ಮಾಡಬೇಕಾದುದು ಈ ಚೀಟಿಯನ್ನೇ. ಆರು ತಿಂಗಳು ಬಳಸದಿದ್ದರೆ ಅದು ಸಾಯುತ್ತದೆ. ಎನ್8ಎನ್‌ನಂಥ ವೇದಿಕೆಯನ್ನು ತಾವೇ ನಡೆಸುವವರು ಗೂಗಲ್‌ನಲ್ಲಿ ತಮ್ಮ ಜೋಡಣೆಯನ್ನು "ಪರೀಕ್ಷಾರ್ಥ" ಎಂಬ ಸ್ಥಿತಿಯಲ್ಲಿಯೇ ಬಿಟ್ಟಿದ್ದರೆ ಏಳೇ ದಿನಗಳಲ್ಲಿ ಸಾಯುತ್ತದೆ. ಪ್ರತಿ ವಾರ ಜೋಡಣೆ ಕಡಿದುಹೋಗುವುದೇಕೆಂದು ತಲೆ ಕೆರೆದುಕೊಳ್ಳುವವರು ಮೊದಲು ಇದನ್ನು ನೋಡಿಕೊಳ್ಳಬೇಕು.

ರಹದಾರಿಯೂ ಕೈತಪ್ಪುವುದುಂಟು

ಈ ಏರ್ಪಾಡು ಎರಡು ಬಗೆಯಲ್ಲಿ ಸೋಲಬಹುದು. ಎರಡಕ್ಕೂ ನಡೆದ ನಿದರ್ಶನಗಳಿವೆ.

ಮೊದಲನೆಯದು, ತಕ್ಕವನಲ್ಲದವನಿಗೆ ನಾವೇ ರಹದಾರಿ ಕೊಡುವುದು. 2017ರ ಮೇ 3ರಂದು ಅನೇಕರ ಜಿ-ಮೇಲ್ ಪೆಟ್ಟಿಗೆಗಳಿಗೆ, ಪರಿಚಿತರು ಕಡತವೊಂದನ್ನು ಹಂಚಿಕೊಂಡಿದ್ದಾರೆಂಬ ಪತ್ರ ಬಂದಿತು. ಒತ್ತಿದರೆ ತೆರೆಯುತ್ತಿದ್ದುದು ಗೂಗಲ್‌ನ ನಿಜವಾದ ಒಪ್ಪಿಗೆಯ ಪುಟ; ಸುಳ್ಳಾಗಿದ್ದುದು ಕೇಳುವವನ ಹೆಸರು. ಯಾರೋ ತಮ್ಮ ತಂತ್ರಾಂಶಕ್ಕೆ "ಗೂಗಲ್ ಡಾಕ್ಸ್" ಎಂದೇ ಹೆಸರಿಟ್ಟು, ಪತ್ರಗಳನ್ನೂ ವಿಳಾಸಪಟ್ಟಿಯನ್ನೂ ಬಳಸುವ ಅಧಿಕಾರವನ್ನು ಕೇಳಿದ್ದರು. ಒಪ್ಪಿದವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ಅದೇ ಪತ್ರ ಹೋಗುತ್ತಿತ್ತು. ಗೂಗಲ್ ಸಂಸ್ಥೆಯು ಸುಮಾರು ಒಂದು ಗಂಟೆಯೊಳಗೆ ಇದನ್ನು ತಡೆಯಿತು. ಸಿಕ್ಕಿಬಿದ್ದವರು ತನ್ನ ಬಳಕೆದಾರರಲ್ಲಿ ಶೇಕಡಾ 0.1ಕ್ಕಿಂತ ಕಡಮೆಯೆಂದು ತಿಳಿಸಿತು. ಇಲ್ಲಿ ಯಾರ ಪಾಸ್‌ವರ್ಡೂ ಕಳುವಾಗಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಮುಂದೆ 2018ರ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಯು ಜಿ-ಮೇಲ್ ಓದುವ ಹೊರಗಿನ ತಂತ್ರಾಂಶಗಳಿಗೆ ಕಟ್ಟುನಿಟ್ಟಿನ ನಿಯಮಗಳನ್ನು ಸಾರಿತು. ಇವುಗಳ ಫಲವಾಗಿ ಐಎಫ್‌ಟಿಟಿಟಿ 2019ರಲ್ಲಿ ಜಿ-ಮೇಲ್ ಪತ್ರಗಳನ್ನು ಓದುವ ತನ್ನ ಸೌಕರ್ಯವನ್ನೇ ಕೈಬಿಟ್ಟಿತು.

ಎರಡನೆಯದು, ತಕ್ಕವನಿಗೇ ಕೊಟ್ಟ ರಹದಾರಿಯು ಅವನ ಮನೆಯಿಂದ ಕಳುವಾಗುವುದು. ಗ್ರಾಹಕರೊಡನೆ ಸಂಭಾಷಿಸುವ ಡ್ರಿಫ್ಟ್ ಎಂಬ ಸಾಧನವನ್ನು ಸೇಲ್ಸ್‌ಲಾಫ್ಟ್ ಸಂಸ್ಥೆಯು ನಡೆಸುತ್ತಿತ್ತು. ಅನೇಕ ಸಂಸ್ಥೆಗಳು ಅದನ್ನು ತಮ್ಮ ಸೇಲ್ಸ್‌ಫೋರ್ಸ್ ದಾಖಲೆಗಳಿಗೂ ಕೆಲವು ಸಂಸ್ಥೆಗಳು ಇ-ಮೇಲಿಗೂ ಜೋಡಿಸಿದ್ದವು. 2025ರ ಆಗಸ್ಟಿನಲ್ಲಿ ಕಳ್ಳರು ಆ ಜೋಡಣೆಗಳ ಟೋಕನ್‌ಗಳನ್ನು ಹಿಡಿದು, 8ರಿಂದ 18ರವರೆಗೆ ದತ್ತಾಂಶವನ್ನು ಸಾಗಿಸಿದರು. ಆಗಸ್ಟ್ 9ರಂದು ಡ್ರಿಫ್ಟಿಗೆ ಜೋಡಿಸಿದ್ದ ಕೆಲವೇ ಗೂಗಲ್ ಪೆಟ್ಟಿಗೆಗಳ ಪತ್ರಗಳನ್ನೂ ನೋಡಿದರು. ಕ್ಲೌಡ್‌ಫ್ಲೇರ್, ಝೆಡ್‌ಸ್ಕೇಲರ್, ಪಾಲೋ ಆಲ್ಟೊ ನೆಟ್‌ವರ್ಕ್ಸ್‌ನಂಥ ಭದ್ರತೆಯ ಸಂಸ್ಥೆಗಳೇ ತಮ್ಮ ದತ್ತಾಂಶವೂ ಹೋಯಿತೆಂದು ಒಪ್ಪಿಕೊಂಡವು. ಕಳ್ಳರನ್ನು ಉಗ್ರಾಣವು ತಡೆಯಲಿಲ್ಲ, ಏಕೆಂದರೆ ಅವರು ತೋರಿಸಿದ ರಹದಾರಿ ಸಾಚಾ ಆಗಿದ್ದಿತು. ಕೊನೆಗೆ ಆ ಟೋಕನ್‌ಗಳನ್ನು ರದ್ದುಮಾಡಿದಾಗ ಬಾಗಿಲು ಮುಚ್ಚಿತು.

ಈ ಎರಡು ಪ್ರಸಂಗಗಳಿಂದ ತಿಳಿಯುವುದೇನು? ವ್ಯಾಪ್ತಿಯನ್ನು ಕಿರಿದಾಗಿಡುವುದು ಕಳ್ಳತನವನ್ನು ತಡೆಯದಿರಬಹುದು; ಕಳುವಾಗುವ ಮೊತ್ತವನ್ನಂತೂ ತಗ್ಗಿಸುತ್ತದೆ. ನಮ್ಮ ಹೊಸ ಖಾತೆಯ ರಹದಾರಿ ನಾಳೆ ಯಾರ ಕೈಗೆ ಸಿಕ್ಕರೂ ಅವರಿಗೆ ದೊರೆಯುವುದು ಪರೀಕ್ಷೆಯ ಸುತ್ತೋಲೆಗಳು. ಅವರು ಒಂದು ದಿನಾಂಕವನ್ನು ಕೆಡಿಸಿಯಾರು. ಯಾವ ವಿದ್ಯಾರ್ಥಿಯ ಮನೆಯ ಮಾತೂ ಅವರಿಗೆ ಸಿಗದು.

ಇತ್ತೀಚೆಗೆ ಇನ್ನೊಂದು ಎಚ್ಚರವೂ ಅಗತ್ಯವಾಗಿದೆ. ವೇದಿಕೆಗಳು ಈಗ ಕೃತಕ ಬುದ್ಧಿಮತ್ತೆಯಿಂದ ಪತ್ರವನ್ನು ಓದಿಸಿ, ಮುಂದೇನು ಮಾಡಬೇಕೆಂಬುದನ್ನೂ ಅದಕ್ಕೇ ಬಿಡುವ ಅನುಕೂಲವನ್ನು ಕೊಡುತ್ತಿವೆ. ಆದರೆ ಪತ್ರವನ್ನು ಬರೆಯುವವನು ಹೊರಗಿನವನು. "ಈ ಪೆಟ್ಟಿಗೆಯ ಪತ್ರಗಳನ್ನೆಲ್ಲ ಇಂಥ ವಿಳಾಸಕ್ಕೆ ಕಳುಹಿಸು" ಎಂದು ಅವನು ಪತ್ರದಲ್ಲಿ ಬರೆದಿದ್ದರೆ, ಓದುವ ಯಂತ್ರವು ಅದನ್ನು ಒಡೆಯನ ಅಪ್ಪಣೆಯೆಂದೇ ಭ್ರಮಿಸುವ ಸಂಭವವುಂಟು. ಆದುದರಿಂದ ಪರರ ಪತ್ರವನ್ನು ಓದುವ ಏರ್ಪಾಡಿಗೆ ಪತ್ರ ಕಳುಹಿಸುವ ಅಧಿಕಾರವನ್ನು ಕೊಡದಿರುವುದೇ ಲೇಸು. ಕಿವಿ ಕೊಟ್ಟವನಿಗೆ ಬಾಯಿಯನ್ನೂ ಕೊಡಬೇಕಾಗಿಲ್ಲ.

ಮುಚ್ಚುವುದೂ ಕೆಲಸವೇ

ರಹದಾರಿಯ ಬಹು ದೊಡ್ಡ ಗುಣವೆಂದರೆ ಹಿಂತೆಗೆದುಕೊಳ್ಳುವ ಸೌಲಭ್ಯ. ಗೂಗಲ್ ಖಾತೆಯ ಭದ್ರತಾ ವಿಭಾಗದಲ್ಲಿ, ನಮ್ಮ ಖಾತೆಗೆ ಜೋಡಿಸಿಕೊಂಡಿರುವ ಹೊರಗಿನ ತಂತ್ರಾಂಶಗಳ ಪಟ್ಟಿಯುಂಟು. ಒಂದೊಂದರ ಮುಂದೆಯೂ ಅದಕ್ಕೆ ಕೊಟ್ಟಿರುವ ಅಧಿಕಾರವನ್ನು ಬರೆದಿರುತ್ತಾರೆ. ಬೇಡವಾದುದನ್ನು ಅಲ್ಲಿಯೇ ಕಡಿಯಬಹುದು, ಉಳಿದವಕ್ಕೆ ಧಕ್ಕೆಯಿಲ್ಲ. ಪಾಸ್‌ವರ್ಡನ್ನು ಬದಲಾಯಿಸಿದರೆ ಎಲ್ಲವೂ ತಾನಾಗಿ ಕಡಿದುಹೋಗುವುದೆಂದು ನಂಬುವವರುಂಟು. ಅದು ಅರೆಸತ್ಯ. ಜಿ-ಮೇಲಿನ ವ್ಯಾಪ್ತಿಯಿರುವ ಚೀಟಿಗಳು ಆಗ ಸಾಯುತ್ತವೆ. ಕ್ಯಾಲೆಂಡರಿನ ವ್ಯಾಪ್ತಿ ಮಾತ್ರವಿರುವ ಚೀಟಿಯು ಬದುಕಿಯೇ ಇರಬಹುದು. ಅದನ್ನು ಪಟ್ಟಿಯಲ್ಲಿ ಹುಡುಕಿ ನಾವೇ ಕಡಿಯಬೇಕು.

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿಯೂ ಈ ತತ್ತ್ವವನ್ನು ಕಾಣಬಹುದು. ಒಪ್ಪಿಗೆಯು ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟುದಾಗಿರಬೇಕು. ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು ಎಂದು ಅದು ಹೇಳುತ್ತದೆ. ಕಾನೂನು ಬಾಗಿಲನ್ನು ತೋರಿಸೀತು. ಅದರ ಮೂಲಕ ನಡೆಯಬೇಕಾದವರು ನಾವು.

ನಾವು ನಮ್ಮ ಪಟ್ಟಿಯನ್ನು ಮೊದಲ ಸಲ ತೆರೆದಾಗ ಹದಿನೇಳು ಹೆಸರುಗಳು ಕಂಡವು. ಅವುಗಳಲ್ಲಿ ಹನ್ನೆರಡನ್ನು ಏತಕ್ಕಾಗಿ ಒಪ್ಪಿದ್ದೆವೆಂಬುದೇ ನೆನಪಾಗಲಿಲ್ಲ. ಅಷ್ಟನ್ನೂ ಕಡಿದೆವು. ಹಳೆಯ 16 ಅಕ್ಷರಗಳನ್ನು ರದ್ದುಮಾಡಿದೆವು. ಹಳೆಯ ವೇದಿಕೆಯ ಕಾರ್ಯದಾಖಲೆಗಳನ್ನೆಲ್ಲ ಅಳಿಸಿ, ಅಲ್ಲಿದ್ದ ಖಾತೆಯನ್ನೇ ಮುಚ್ಚಿದೆವು. ಹೊಸ ಏರ್ಪಾಡಿನಲ್ಲಿ, ಕೆಲಸ ಸರಿಯಾಗಿ ನಡೆದರೆ ಪತ್ರದ ಒಡಲನ್ನು ದಾಖಲೆಯಲ್ಲಿ ಇರಿಸಿಕೊಳ್ಳಬಾರದೆಂದು ಗೊತ್ತುಮಾಡಿದೆವು.

ಇಷ್ಟೆಲ್ಲ ಆದ ಮೇಲೆ ಆ ವಿದ್ಯಾರ್ಥಿನಿಯನ್ನು ಕರೆದು ನಡೆದುದನ್ನು ಹೇಳಿದೆವು. ಹೇಳದಿದ್ದರೆ ಆಕೆಗೆ ತಿಳಿಯುತ್ತಿರಲಿಲ್ಲ. ಆದರೆ ಪತ್ರವು ಆಕೆಯದು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಎಲ್ಲೂ ಇಲ್ಲ ಅಲ್ವಾ ಸಾರ್?" ಎಂದು ಕೇಳಿದಳು. ನಮಗೆ ಕಾಣುವ ಪ್ರತಿಯನ್ನು ಅಳಿಸಿದ್ದೆವು. ಕಾಣದ ಪ್ರತಿಗಳ ವಿಷಯದಲ್ಲಿ ಆ ಸಂಸ್ಥೆಯ ಮಾತನ್ನು ನಂಬುವುದರ ಹೊರತು ನಮಗೆ ಬೇರೆ ದಾರಿಯಿರಲಿಲ್ಲ. ಹಾಗೆಂದೇ ಆಕೆಗೆ ಹೇಳಿದೆವು.

ಹೊಸ ಏರ್ಪಾಡು ಈಗ ನಡೆಯುತ್ತಿದೆ. ಈಚೆಗೆ ಒಂದು ತಂಡದ ಪರೀಕ್ಷೆಯ ದಿನ ಬದಲಾದಾಗ, ಪತ್ರ ಬಂದ ಐದು ನಿಮಿಷದಲ್ಲಿ "ಪರೀಕ್ಷೆ" ಎಂಬ ಪಟ್ಟಿಯಲ್ಲಿ ಹೊಸ ದಿನಾಂಕ ಮೂಡಿತು. ನಾವು ಮೂಲಪತ್ರದೊಡನೆ ತಾಳೆನೋಡಿ ವಿದ್ಯಾರ್ಥಿಗಳಿಗೆ ಅಂದೇ ತಿಳಿಸಿದೆವು. ಯಾರೂ ಬೀಗದ ಮುಂದೆ ನಿಲ್ಲಲಿಲ್ಲ. ಮೂರು ತಿಂಗಳಿಗೊಮ್ಮೆ ಆ ಜೋಡಣೆಗಳ ಪಟ್ಟಿಯನ್ನು ತೆರೆದು ನೋಡಬೇಕೆಂದು ಅದೇ ಕ್ಯಾಲೆಂಡರಿನಲ್ಲಿ ನಮಗಾಗಿ ಒಂದು ದಿನವನ್ನೂ ಗುರುತುಮಾಡಿಕೊಂಡಿರುವೆವು. ತೂಬು ತೆರೆದವನೇ ಹೊತ್ತಿಗೆ ಸರಿಯಾಗಿ ಹೋಗಿ ಮುಚ್ಚಬೇಕೆಂಬುದನ್ನು ಕೆರೆಯ ಕೆಳಗೆ ಬೆಳೆದವರಿಗೆ ಹೆಚ್ಚಾಗಿ ಹೇಳಬೇಕಾಗಿಲ್ಲ.